ಗೆರೆ ಕಾಣಿಸದ ಕೊಳವೆ

ತಮಿಳುನಾಡಿನ ನೀಲಗಿರಿಯಲ್ಲಿ, ಮಸಿನಗುಡಿಯಿಂದ ಬೊಕ್ಕಾಪುರಕ್ಕೆ ಹೋಗುವ ಕಡೆ ಒಂದು ಅಂಗನವಾಡಿ. ಅದರ ಜಗಲಿಯ ಮೇಲೆ ರಕ್ತ ತಪಾಸಣೆ ಶಿಬಿರ ಅಂತ ಗೊತ್ತಾಗಿ ಹೋಗಿ ಒಂದು ಮೂಲೆಯಲ್ಲಿ ಕೂತಿದ್ದೆ. ಮಕ್ಕಳ ಪುಟ್ಟ ಮೇಜಿನ ಮೇಲೆ ಒಂದು ಸ್ಟ್ಯಾಂಡು, ಅದರಲ್ಲಿ ಬೆರಳುದ್ದದ ಗಾಜಿನ ಕೊಳವೆಗಳು, ಹಿಂದೆ ದಪ್ಪ ಕಪ್ಪು ಗೆರೆ ಎಳೆದ ಒಂದು ಬಿಳಿ ಹಾಳೆ. ನರ್ಸಮ್ಮ ಒಬ್ಬೊಬ್ಬರದೇ ಬೆರಳು ಚುಚ್ಚಿ, ಬಂದ ಹನಿಯನ್ನು ಕೊಳವೆಯಲ್ಲಿದ್ದ ದ್ರಾವಣಕ್ಕೆ ಬಿಟ್ಟು, ಅಲ್ಲಾಡಿಸಿ ನಿಲ್ಲಿಸುತ್ತಿದ್ದರು. ಐದು ನಿಮಿಷ ಬಿಟ್ಟು ನೋಡಿದರೆ ಕೆಲವು ಕೊಳವೆಗಳು ದಾಸವಾಳದ ಶರಬತ್ತಿನ ಹಾಗೆ ತಿಳಿಯಾಗಿದ್ದವು. ಹಿಂದಿನ ಗೆರೆ ಎಣಿಸಬಹುದಿತ್ತು. ಒಂದು ಮಾತ್ರ ಕದಡಿದ ಕೆರೆನೀರಿನಂತೆ ನಿಂತಿತ್ತು.

ಅದು ಆರು ವರ್ಷದ ಒಬ್ಬ ಹುಡುಗನದು. ಅವನನ್ನು ಕರೆದುಕೊಂಡು ಬಂದಿದ್ದ ಅಜ್ಜಿ ಬಗ್ಗಿ ನೋಡಿದರು. “ಏನವ್ವ ಇದು, ಗೆರೆ ಕಾಣ್ತಾನೇ ಇಲ್ವಲ್ಲ?”

“ತಾಳಿ ಅಜ್ಜಿ, ಇದ್ರಲ್ಲೇ ಎಲ್ಲ ಗೊತ್ತಾಗಲ್ಲ. ಇನ್ನೊಂದು ದೊಡ್ಡ ಪರೀಕ್ಷೆ ಅದೆ” ಅಂದರು ನರ್ಸಮ್ಮ.

ಇದು ಸಿಕಲ್ ಸೆಲ್ ಕಾಯಿಲೆಯ ಮೊದಲ ಜರಡಿ. ದ್ರಾವಣದಲ್ಲಿರುವ ಒಂದು ವಸ್ತು ರಕ್ತಕಣಗಳನ್ನು ಒಡೆಯುತ್ತದೆ, ಇನ್ನೊಂದು ಅವುಗಳೊಳಗಿನ ಹಿಮೋಗ್ಲೋಬಿನ್ನಿನ ಆಕ್ಸಿಜನ್ ಕಿತ್ತುಕೊಳ್ಳುತ್ತದೆ. ಮಾಮೂಲಿ ಹಿಮೋಗ್ಲೋಬಿನ್ ಆಗಲೂ ಕರಗಿಯೇ ಇರುತ್ತದೆ. ಸಿಕಲ್ ಹಿಮೋಗ್ಲೋಬಿನ್ ಕರಗದೆ ಗಟ್ಟಿಯಾಗಿ ದ್ರಾವಣವನ್ನು ಕದಡುತ್ತದೆ, ಗೆರೆ ಮರೆಯಾಗುತ್ತದೆ. ಕರೆಂಟು ಬೇಡ, ಯಂತ್ರ ಬೇಡ, ಆದಿವಾಸಿ ಹಾಡಿಯ ಜಗಲಿ ಸಾಕು. ಆದರೆ ಈ ಪರೀಕ್ಷೆಗೆ ಒಂದು ಮಿತಿ ಇದೆ. ಕೊಳವೆ ಕದಡಿದರೆ ಆ ಮಗು ಬರೀ ವಾಹಕನೋ, ಕಾಯಿಲೆಯವನೋ ಎಂದು ಇದು ಹೇಳುವುದಿಲ್ಲ. ಅದಕ್ಕೆ ಪ್ರಯೋಗಾಲಯದಲ್ಲಿ ಹಿಮೋಗ್ಲೋಬಿನ್ನಿನ ಬಗೆಗಳನ್ನು ಬೇರೆ ಮಾಡಿ ಅಳೆಯುವ ಪರೀಕ್ಷೆ ಆಗಲೇಬೇಕು. ಆರು ತಿಂಗಳೊಳಗಿನ ಕೂಸಿಗಂತೂ ಕೊಳವೆಯ ಮಾತನ್ನು ನಂಬುವ ಹಾಗಿಲ್ಲ. ಹೊಟ್ಟೆಯೊಳಗಿದ್ದಾಗಿನ ಹಿಮೋಗ್ಲೋಬಿನ್ ಇನ್ನೂ ರಕ್ತದಲ್ಲಿ ಉಳಿದಿರುವುದರಿಂದ ಕಾಯಿಲೆ ಇದ್ದರೂ ಗೆರೆ ಕಂಡುಬಿಡಬಹುದು.

ಭಾರತದಲ್ಲಿ ಈ ಕಾಯಿಲೆಯ ಕಥೆ ಶುರುವಾಗುವುದೇ ಈ ಬೆಟ್ಟಗಳಲ್ಲಿ. 1952ರಲ್ಲಿ ಹರ್ಮನ್ ಲೆಹ್ಮನ್ ಮತ್ತು ಮರೀ ಕಟ್‌ಬುಷ್ ಎಂಬ ಇಬ್ಬರು ವಿಜ್ಞಾನಿಗಳು ನೀಲಗಿರಿಯ ಆದಿವಾಸಿಗಳ ರಕ್ತ ನೋಡಿ, ಇಲ್ಲೂ ಸಿಕಲ್ ಕಣ ಇದೆ ಎಂದು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಅದೇ ವರ್ಷ ಅಸ್ಸಾಮಿನ ಚಹಾ ತೋಟದ ಕೂಲಿಗಳಲ್ಲೂ ಇದು ಕಂಡುಬಂತು. ಅಲ್ಲಿಯವರೆಗೆ ಇದನ್ನು ಆಫ್ರಿಕಾ ಮೂಲದವರ ಕಾಯಿಲೆ ಎಂದೇ ಹೆಚ್ಚಿನವರು ತಿಳಿದಿದ್ದರು. 1910ರಲ್ಲಿ ಷಿಕಾಗೋದ ವೈದ್ಯ ಜೇಮ್ಸ್ ಹೆರಿಕ್ ಇದರ ಬಗ್ಗೆ ಮೊದಲು ಬರೆದದ್ದು ಗ್ರೆನಡಾ ದ್ವೀಪದಿಂದ ಬಂದಿದ್ದ ಒಬ್ಬ ವಿದ್ಯಾರ್ಥಿಯ ರಕ್ತದಲ್ಲಿ ಕಂಡ ಬಾಗಿದ ಕಣಗಳನ್ನು ನೋಡಿ. ಇಲ್ಲಿ ಇರುಳರು, ಕುರುಂಬರು, ಪಣಿಯರು ತಲೆಮಾರುಗಳಿಂದ ಅನುಭವಿಸುತ್ತಿದ್ದ ನೋವಿಗೆ ಹೆಸರು ಸಿಗಲು ಇನ್ನೂ ನಲವತ್ತು ವರ್ಷ ಬೇಕಾಯಿತು. ಹೆಸರು ಸಿಕ್ಕಿದ್ದೂ ಜರ್ನಲ್ಲಿನಲ್ಲಿ. ಹಾಡಿಗೆ ಅದು ತಲುಪಿದ್ದು ಎಷ್ಟೋ ಕಾಲದ ಮೇಲೆ.

ಸಿಕಲ್ ಎಂದರೆ ಕುಡುಗೋಲು, ನಮ್ಮ ಕಡೆಯ ಬಾಯಲ್ಲಿ ಕುಡ್ಲು. ನಮ್ಮ ಕೆಂಪು ರಕ್ತಕಣ ಮಧ್ಯೆ ಅದುಮಿದ ದುಂಡು ಬಿಲ್ಲೆಯಂತೆ, ಮೆತ್ತಗೆ ಇರುತ್ತದೆ. ತನಗಿಂತ ಸಪೂರ ರಕ್ತನಾಳದಲ್ಲೂ ಮಡಚಿಕೊಂಡು ನುಸುಳಿ ಹೋಗುತ್ತದೆ. ಅದರ ತುಂಬ ಹಿಮೋಗ್ಲೋಬಿನ್. ಹಿಮೋಗ್ಲೋಬಿನ್ನಿನ ಬೀಟಾ ಸರದಲ್ಲಿ 146 ಅಮೈನೋ ಆಮ್ಲದ ಮಣಿ ಇದ್ದರೆ, ಈ ಕಾಯಿಲೆಯಲ್ಲಿ ಆರನೆಯ ಮಣಿ ಮಾತ್ರ ಬದಲಾಗಿರುತ್ತದೆ. ಗ್ಲುಟಾಮಿಕ್ ಆಮ್ಲ ಇರಬೇಕಾದ ಜಾಗದಲ್ಲಿ ವ್ಯಾಲಿನ್. ಇದನ್ನು ಕೇಂಬ್ರಿಜ್‌ನ ವರ್ನನ್ ಇಂಗ್ರಾಮ್ 1950ರ ದಶಕದಲ್ಲಿ ಪತ್ತೆಹಚ್ಚಿದರು. ಅಷ್ಟೊಂದು ಸಣ್ಣ ವ್ಯತ್ಯಾಸಕ್ಕೆ ಇಷ್ಟು ದೊಡ್ಡ ಪರಿಣಾಮವೇ ಅನಿಸುತ್ತದೆ. ಆದರೆ ಈ ವ್ಯಾಲಿನ್‌ಗೆ ಅಂಟಿಕೊಳ್ಳುವ ಗುಣ. ಆಕ್ಸಿಜನ್ ಬಿಟ್ಟುಕೊಟ್ಟ ಮೇಲೆ ಒಂದು ಹಿಮೋಗ್ಲೋಬಿನ್ ಇನ್ನೊಂದಕ್ಕೆ ಅಂಟಿ, ಅದು ಮತ್ತೊಂದಕ್ಕೆ ಅಂಟಿ, ಕಣದೊಳಗೆ ಹಗ್ಗ ಹೊಸೆದ ಹಾಗಾಗುತ್ತದೆ. ಆ ಹುರಿ ಕಣವನ್ನು ಒಳಗಿನಿಂದ ಎಳೆದು ಬಾಗಿಸಿ ಕುಡುಗೋಲು ಮಾಡುತ್ತದೆ. ಗಡುಸಾದ ಕಣಗಳು ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಅವುಗಳ ಹಿಂದೆ ರಕ್ತ ನಿಲ್ಲುತ್ತದೆ. ಎಲ್ಲಿ ನಿಂತಿತೋ ಅಲ್ಲಿ ನೋವು: ಮೂಳೆ, ಬೆನ್ನು, ಎದೆ, ಹೊಟ್ಟೆ. 120 ದಿನ ಬಾಳಬೇಕಾದ ರಕ್ತಕಣ 10–20 ದಿನಕ್ಕೇ ಒಡೆಯುತ್ತದೆ, ರಕ್ತಹೀನತೆ ಬರುತ್ತದೆ. ಒಡೆದ ಕಣದ ಬಣ್ಣ ಕಣ್ಣಿಗೆ ಹಳದಿ ತರುತ್ತದೆ.

ಈ ಹಳದಿ ಕಣ್ಣಿನ ಬಗ್ಗೆ ಒಂದು ಮಾತು. ಕಣ್ಣು ಹಳದಿಯಾದರೆ ನಮ್ಮಲ್ಲಿ ಕಾಮಾಲೆ ಎಂದು ನಾಟಿ ಮದ್ದಿಗೆ ಓಡುತ್ತಾರೆ, ಎಣ್ಣೆ ಬಿಡಿಸುತ್ತಾರೆ, ಉಪ್ಪು ಬಿಡಿಸುತ್ತಾರೆ. ಮಗು ಮೊದಲೇ ಬಡಕಲು, ಪಥ್ಯದಿಂದ ಇನ್ನಷ್ಟು ಬಡಕಲು. ಯಕೃತ್ತಿಗೆ ಏನೂ ಆಗಿಲ್ಲದೆ ಕಣ್ಣು ಹಳದಿಯಾಗಬಹುದು, ಪದೇ ಪದೇ ಹಾಗಾದರೆ ರಕ್ತ ಪರೀಕ್ಷೆ ಮಾಡಿಸಬೇಕು ಎಂಬುದನ್ನು ಶಾಲೆಯ ಗೋಡೆಯ ಮೇಲೆ ಬರೆಸಿದರೂ ತಪ್ಪಿಲ್ಲ. ಇನ್ನೊಂದು ತಪ್ಪು ಕಬ್ಬಿಣದ ಮಾತ್ರೆ. ರಕ್ತ ಕಮ್ಮಿ ಎಂದ ಕೂಡಲೇ ಕೈಗೆ ಬರುವುದು ಅದೇ. ಸಿಕಲ್ ಕಾಯಿಲೆಯವರಲ್ಲಿ ರಕ್ತ ಕಮ್ಮಿಯಾಗುವುದು ಕಣ ಒಡೆಯುವುದರಿಂದ, ಕಬ್ಬಿಣ ಸಾಲದೆ ಆಗಬೇಕೆಂದಿಲ್ಲ. ಪದೇ ಪದೇ ರಕ್ತ ಹಾಕಿಸಿಕೊಂಡವರ ಮೈಯಲ್ಲಂತೂ ಕಬ್ಬಿಣ ಮೊದಲೇ ಜಾಸ್ತಿ ಸೇರಿರುತ್ತದೆ. ಕೊರತೆ ಇದೆ ಎಂದು ಪರೀಕ್ಷೆಯಲ್ಲಿ ಕಂಡರೆ ಮಾತ್ರ ಕಬ್ಬಿಣ. ಅವರಿಗೆ ದಿನಾ ಬೇಕಾಗುವುದು ಹೊಸ ಕಣ ಕಟ್ಟಲು ನೆರವಾಗುವ ಫೋಲಿಕ್ ಆಮ್ಲ.

ನಾನು ಆರನೇ ಕ್ಲಾಸಿನಲ್ಲಿದ್ದಾಗ ಪಕ್ಕದ ಬೆಂಚಿನಲ್ಲಿ ಒಬ್ಬ ಹುಡುಗ ಕೂರುತ್ತಿದ್ದ. ಕಾಡಂಚಿನ ಹಾಡಿಯವನು. ಡಿಸೆಂಬರ್, ಜನವರಿ ಬಂತೆಂದರೆ ಅವನು ಗೈರು. ಬಂದ ದಿನವೂ ಬೆಳಗಿನ ಪಿ.ಟಿ. ಹೊತ್ತಿಗೆ ಮಂಡಿ ಹಿಡಿದುಕೊಂಡು ಗೋಡೆಗೆ ಒರಗುತ್ತಿದ್ದ. ಸೋಮಾರಿ ಎಂದು ಮೇಷ್ಟ್ರು ಬೈಯುತ್ತಿದ್ದರು. ಒಂದು ದಿನ ಮೈದಾನ ಎರಡು ಸುತ್ತು ಓಡಿಸಿದರು. ಮಾರನೇ ದಿನದಿಂದ ಎರಡು ವಾರ ಅವನು ಬರಲಿಲ್ಲ. ನಾವೂ ಅವನ ನಡಿಗೆಯನ್ನು ಅಣಕಿಸಿ ನಕ್ಕವರೇ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ. ಅವನ ರಕ್ತವನ್ನು ಗೆರೆ ಎಳೆದ ಹಾಳೆಯ ಮುಂದೆ ಹಿಡಿದು ನೋಡಿದವರು ಯಾರೂ ಇರಲಿಲ್ಲ. ಆದ್ದರಿಂದ ಅವನಿಗೆ ಇದ್ದದ್ದು ಇದೇ ಎಂದು ಹೇಳುವ ಹಕ್ಕು ನನಗಿಲ್ಲ. ಚಳಿ, ಓಟ, ಮಂಡಿ ನೋವು, ಈ ಮೂರನ್ನು ಮಾತ್ರ ಇವತ್ತು ಒಟ್ಟಿಗಿಟ್ಟು ನೋಡುತ್ತೇನೆ.

ಯಾಕೆಂದರೆ ಸಿಕಲ್ ನೋವನ್ನು ಕೆರಳಿಸುವ ಪಟ್ಟಿಯಲ್ಲಿ ಮೊದಲು ಬರುವವೇ ಚಳಿ, ನೀರಿನ ಕೊರತೆ, ಮೈ ಮುರಿಯುವ ಕೆಲಸ, ಜ್ವರ, ಆಕ್ಸಿಜನ್ ಕಮ್ಮಿ ಇರುವ ಎತ್ತರ. ಒಮ್ಮೆ ನೀಲಗಿರಿಯ ನಕ್ಷೆ ನೋಡಿ, ಇವೆಲ್ಲ ಒಂದೇ ಜಿಲ್ಲೆಯಲ್ಲಿವೆ. ಮಸಿನಗುಡಿಯಿಂದ ಕಲ್ಲಟ್ಟಿ ಘಾಟಿನ 36 ತಿರುವು ಹತ್ತಿ ಊಟಿ ಸೇರಿದರೆ ನೀವು 2,240 ಮೀಟರ್ ಎತ್ತರದಲ್ಲಿರುತ್ತೀರಿ. ಅಲ್ಲಿ ಒಂದು ಉಸಿರಿಗೆ ಸಿಗುವ ಆಕ್ಸಿಜನ್ ಸಮುದ್ರದ ದಡದಲ್ಲಿ ಸಿಗುವುದರ ಹೆಚ್ಚುಕಮ್ಮಿ ಮುಕ್ಕಾಲು ಪಾಲು. ಚಳಿಗಾಲದಲ್ಲಿ ಇಬ್ಬನಿ ಹೆಪ್ಪುಗಟ್ಟುವ ಮುಂಜಾವು ಬೇರೆ. ಈ ಕಡೆ ಗೂಡಲೂರು, ದೇವಾಲ, ಪಂದಲೂರಿನಲ್ಲಿ ಜೂನ್‌ನಿಂದ ಮೂರು ತಿಂಗಳು ಬಿಡದೆ ಮಳೆ. ಚಹಾ ತೋಟದಲ್ಲಿ ಸೊಂಟಕ್ಕೆ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡು ಎಲೆ ಕೀಳುವ ಹೆಂಗಸರ ಬೆನ್ನು ಸಂಜೆಯವರೆಗೂ ಒದ್ದೆ. ನೀರಿನ ಕಥೆ ಇನ್ನೂ ವಿಚಿತ್ರ. ಅಷ್ಟು ಮಳೆ ಬೀಳುವ ಕಡೆ ನೀರು ಕುಡಿಯುವುದೇ ಕಮ್ಮಿ. ತೋಟದ ನಡುವೆ ಶೌಚಾಲಯ ಇಲ್ಲದಿದ್ದರೆ ಯಾವ ಹೆಂಗಸು ತಾನೇ ಹೊಟ್ಟೆ ತುಂಬ ನೀರು ಕುಡಿದು ಕೆಲಸಕ್ಕೆ ಹೋಗುತ್ತಾಳೆ? ದಿನಕ್ಕೆ ಮೂರು ಲೀಟರ್ ನೀರು ಕುಡಿಯಿರಿ ಎಂದು ವೈದ್ಯರು ಚೀಟಿಯಲ್ಲಿ ಬರೆಯುತ್ತಾರೆ. ಶೌಚಾಲಯ ಎಂದು ಯಾರ ಚೀಟಿಯಲ್ಲೂ ಬರೆದಿರುವುದಿಲ್ಲ.

ನೀರು ಮುಖ್ಯವಾಗುವುದು ಕಣದೊಳಗಿನ ಲೆಕ್ಕದಿಂದ. ಮೈಯಲ್ಲಿ ನೀರು ಕಮ್ಮಿಯಾದರೆ ರಕ್ತಕಣವೂ ಬಾಡುತ್ತದೆ, ಒಳಗಿನ ಹಿಮೋಗ್ಲೋಬಿನ್ ಒತ್ತೊತ್ತಾಗಿ ಬೇಗ ಹುರಿಗಟ್ಟುತ್ತದೆ. ಚಳಿಗೆ ರಕ್ತನಾಳಗಳು ಕುಗ್ಗುತ್ತವೆ, ಕಣಗಳು ಸಾಗಲು ಹೊತ್ತು ಹಿಡಿಯುತ್ತದೆ, ಹುರಿಗಟ್ಟಲು ಅಷ್ಟು ಸಮಯ ಸಿಗುತ್ತದೆ. ಹಾಗಾಗಿ ಕಾಯಿಲೆ ಇರುವ ಮಗು ಶಾಲೆಗೆ ನೀರಿನ ಬಾಟಲಿ ಒಯ್ಯಬೇಕು, ಕ್ಲಾಸಿನ ನಡುವೆ ಕುಡಿಯಲು, ಹೊರಗೆ ಹೋಗಲು ಮೇಷ್ಟ್ರು ಬಿಡಬೇಕು. ಒದ್ದೆ ಬಟ್ಟೆ ತಕ್ಷಣ ಬದಲಿಸಬೇಕು. ತಣ್ಣೀರು ಸ್ನಾನ, ಹಳ್ಳಕ್ಕೆ ಹಾರುವುದು ಬೇಡ. ನೋವು ಶುರುವಾದಾಗ ಬಿಸಿ ನೀರಿನ ಚೀಲದ ಹಿತವಾದ ಶಾಖ, ಹೆಚ್ಚು ನೀರು, ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್. ಐಸ್ ಇಡುವುದು ಮಾತ್ರ ಕೂಡದು. ಉಳುಕಿಗೆ ಐಸ್ ಇಡುವ ರೂಢಿಯಿಂದ ಇಲ್ಲೂ ಇಡುತ್ತಾರೆ. ಅದು ಬೆಂಕಿಗೆ ಸೀಮೆಎಣ್ಣೆ ಹಾಕಿದ ಹಾಗೆ. ಇಷ್ಟಕ್ಕೂ ನೋವು ಬಗ್ಗದಿದ್ದರೆ ಆಸ್ಪತ್ರೆಯಲ್ಲಿ ಇನ್ನೂ ಬಲವಾದ ನೋವಿನ ಮದ್ದು ಕೊಡಬೇಕಾಗುತ್ತದೆ. ಮೇಲೆ ಗಾಯ ಇಲ್ಲ, ಊತ ಇಲ್ಲ, ಆದರೂ ಹುಡುಗ ಕಿರುಚುತ್ತಾನೆ ಎಂದರೆ ನಾಟಕ ಎಂದುಕೊಳ್ಳುವವರು ಬಿಳಿ ಕೋಟು ಹಾಕಿದವರಲ್ಲೂ ಇದ್ದಾರೆ. ಹೆರಿಗೆ ನೋವಿಗೆ ಇದನ್ನು ಹೋಲಿಸಿದ ತಾಯಂದಿರನ್ನು ನಾನು ಕಂಡಿದ್ದೇನೆ. ಎರಡನ್ನೂ ಅನುಭವಿಸಿದವರ ಮಾತು ಅದು.

ಜ್ವರದ ವಿಷಯದಲ್ಲಿ ಮಾತ್ರ ಕಾಯುವ ಹಾಗೇ ಇಲ್ಲ. ಎಡ ಪಕ್ಕೆಲುಬಿನ ಕೆಳಗಿರುವ ಗುಲ್ಮ, ಅಂದರೆ ಸ್ಪ್ಲೀನ್, ರಕ್ತದಲ್ಲಿ ಸೇರಿದ ಬ್ಯಾಕ್ಟೀರಿಯಾವನ್ನು ಸೋಸುವ ಅಂಗ. ಸಿಕಲ್ ಕಣಗಳು ಸಿಕ್ಕಿಕೊಂಡು ಸಿಕ್ಕಿಕೊಂಡು ಅದು ಚಿಕ್ಕಂದಿನಲ್ಲೇ ಕೆಲಸ ನಿಲ್ಲಿಸಬಹುದು. ಬೇರೆ ಮಗುವಿಗೆ ಮೂರು ದಿನದ ಜ್ವರವಾಗಿ ಹೋಗುವ ಸೋಂಕು ಈ ಮಗುವನ್ನು ಒಂದು ರಾತ್ರಿಯಲ್ಲಿ ಕೊಲ್ಲಬಲ್ಲದು. 101 ಡಿಗ್ರಿ ದಾಟಿದರೆ ಆ ದಿನವೇ ಆಸ್ಪತ್ರೆ. ಐದು ವರ್ಷದವರೆಗೆ ದಿನಕ್ಕೆರಡು ಸಲ ಪೆನಿಸಿಲಿನ್ ಕೊಡುವುದು, ನ್ಯುಮೋಕಾಕಸ್ ಲಸಿಕೆ ತಪ್ಪಿಸದಿರುವುದು ಇದಕ್ಕೇ. ಕೆಲವೊಮ್ಮೆ ಆ ಗುಲ್ಮವೇ ರಕ್ತವನ್ನೆಲ್ಲ ಹಿಡಿದಿಟ್ಟುಕೊಂಡು ಗಂಟೆಗಳಲ್ಲಿ ಊದಿಬಿಡುತ್ತದೆ. ಗೂಡಲೂರಿನ ಒಬ್ಬ ತಾಯಿ ನನಗೆ ತೋರಿಸಿದರು: ಮಗನಿಗೆ ಯೂನಿಫಾರ್ಮಿನ ಗುಂಡಿ ಹಾಕುವ ಮೊದಲು, ಎಡಗಡೆ ಪಕ್ಕೆಯ ಕೆಳಗೆ ನಾಲ್ಕು ಬೆರಳು ಇಟ್ಟು ಮೆಲ್ಲಗೆ ಒತ್ತಿ ನೋಡುತ್ತಾರೆ. ನಿನ್ನೆ ಸಿಗದ ಗಟ್ಟಿ ಅಂಚು ಇವತ್ತು ಬೆರಳಿಗೆ ಸಿಕ್ಕಿತು, ಮಗು ಬಿಳಿಚಿಕೊಂಡಿದೆ ಎಂದರೆ ಜೀಪು ಹುಡುಕಬೇಕು. ಆ ಹುಡುಗನಿಗೆ ಕಚಗುಳಿ. ಅವನು ನಗುತ್ತಾನೆ, ಇವರು ನೋಡಿ ಮುಗಿಸುತ್ತಾರೆ. ಎದೆನೋವು, ಉಸಿರು ಎಳೆದುಕೊಳ್ಳುವುದು, ಮಾತು ತೊದಲುವುದು, ಒಂದು ಕಡೆ ಕೈಕಾಲು ಬಲ ಹೋಗುವುದು, ಗಂಡುಮಕ್ಕಳು ನಾಚಿಕೆಯಿಂದ ಮುಚ್ಚಿಡುವ, ಗಂಟೆಗಟ್ಟಲೆ ಇಳಿಯದ ಜನನಾಂಗದ ನೋವಿನ ಬಿಗಿತ, ಇವೂ ಅದೇ ಗಳಿಗೆಯಲ್ಲಿ ಹೊರಡಬೇಕಾದ ಲಕ್ಷಣಗಳು.

ಮದ್ದು ಇದೆ. ಹೈಡ್ರಾಕ್ಸಿಯೂರಿಯಾ ಎಂಬ ಮಾತ್ರೆ. ಕೂಸು ಹೊಟ್ಟೆಯೊಳಗಿದ್ದಾಗ ಅದರದು ಬೇರೆಯೇ ಹಿಮೋಗ್ಲೋಬಿನ್, ಅದು ಹುರಿಗಟ್ಟುವುದಿಲ್ಲ. ಹುಟ್ಟಿದ ಮೇಲೆ ಆರು ತಿಂಗಳಲ್ಲಿ ಅದು ಸರಿದು ದೊಡ್ಡವರ ಹಿಮೋಗ್ಲೋಬಿನ್ ಬರುತ್ತದೆ. ಕಾಯಿಲೆಯ ಮೊದಲ ಗುರುತಾದ ಕೈಕಾಲು ಬೆರಳಿನ ಊತ ಆರು ತಿಂಗಳ ಆಚೆ ಕಾಣಿಸಿಕೊಳ್ಳುವುದು ಅದಕ್ಕೇ. ಈ ಮಾತ್ರೆ ಸರಿದುಹೋದ ಆ ಹಳೆಯ ಹಿಮೋಗ್ಲೋಬಿನ್ನನ್ನು ಮತ್ತೆ ಸ್ವಲ್ಪ ಕರೆತರುತ್ತದೆ. ದಿನಾ ನುಂಗಬೇಕು, ಆಗಾಗ ರಕ್ತ ಪರೀಕ್ಷೆ ಆಗಬೇಕು, ಮಗು ಬೇಕೆಂದುಕೊಂಡವರು ಮೊದಲೇ ವೈದ್ಯರಿಗೆ ತಿಳಿಸಬೇಕು. ನೋವಿಲ್ಲದ ತಿಂಗಳಲ್ಲಿ ಇನ್ನೇನು ಬೇಡ ಎಂದು ಬಿಡುವವರೇ ಜಾಸ್ತಿ. ನೋವಿಲ್ಲದಿರುವುದೇ ಆ ಮಾತ್ರೆಯಿಂದ ಎಂದು ನಂಬಿಸುವುದು ಕಷ್ಟದ ಕೆಲಸ. ಮೂಳೆಮಜ್ಜೆ ಕಸಿಯಿಂದ ಗುಣವಾದವರಿದ್ದಾರೆ. 2023ರ ಕೊನೆಯಲ್ಲಿ ಬ್ರಿಟನ್, ಅಮೆರಿಕಗಳು ಜೀನ್ ತಿದ್ದುವ ಚಿಕಿತ್ಸೆಗೂ ಒಪ್ಪಿಗೆ ಕೊಟ್ಟವು. ಅಮೆರಿಕದಲ್ಲಿ ಆಗ ಒಬ್ಬರಿಗೆ ಇಟ್ಟ ದರ 22 ಲಕ್ಷ ಡಾಲರ್. ದಿನಗೂಲಿಯವರ ಹತ್ತಿರ ಆ ಮಾತು ಎತ್ತದಿದ್ದರೇ ಮರ್ಯಾದೆ.

ಈಗ ಆ ಅಜ್ಜಿಯ ಪ್ರಶ್ನೆಗೆ ಬರುತ್ತೇನೆ. ಕೊಳವೆ ನೋಡಿದ ಮೇಲೆ ಅವರು ಎರಡನೆಯದಾಗಿ ಕೇಳಿದ್ದು, “ಇದು ಯಾರ ಕಡೆಯಿಂದ ಬಂತು?” ಅಂತ. ದನಿಯಲ್ಲಿ ಸೊಸೆಯ ಮೇಲೆ ಅನುಮಾನ ಇತ್ತು. ಇರುವುದು ಇಷ್ಟು. ಪ್ರತಿಯೊಬ್ಬರಲ್ಲೂ ಆ ಬೀಟಾ ಸರ ಕಟ್ಟುವ ಜೀನಿನ ಎರಡು ಪ್ರತಿ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಒಂದು ಮಾತ್ರ ಸಿಕಲ್ ಆಗಿದ್ದರೆ ಅವರು ವಾಹಕರು. ಕಾಯಿಲೆ ಇಲ್ಲ, ಮದ್ದು ಬೇಡ, ಎಲ್ಲರಂತೆ ದುಡಿದು ಬಾಳುತ್ತಾರೆ. ಇಬ್ಬರು ವಾಹಕರು ಮದುವೆಯಾದರೆ ಪ್ರತಿ ಬಸುರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಕಾಯಿಲೆಯ ಸಂಭವ, ಎರಡು ಪಾಲು ವಾಹಕ, ಒಂದು ಪಾಲು ಏನೂ ಇಲ್ಲ. ಪ್ರತಿ ಬಸುರಿನಲ್ಲೂ ಎಂಬುದನ್ನು ಗಮನಿಸಿ. ಒಬ್ಬನಿಗೆ ಬಂದಾಯಿತು, ಇನ್ನು ಮೂವರಿಗೆ ಬರುವುದಿಲ್ಲ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಚೌಕಾಬಾರದಲ್ಲಿ ಹಿಂದಿನ ಸಲ ಬಿದ್ದ ಕವಡೆ ಮುಂದಿನ ಸಲಕ್ಕೆ ಏನನ್ನೂ ಹೇಳುವುದಿಲ್ಲವಲ್ಲ, ಹಾಗೆ. ಕಾಯಿಲೆಯ ಮಗು ಹುಟ್ಟಬೇಕಾದರೆ ಎರಡೂ ಕಡೆಯಿಂದ ಬಂದಿರಲೇಬೇಕು. ಸೊಸೆಯನ್ನು ಬೈಯುವ ಅತ್ತೆ ತನ್ನ ಮಗನನ್ನೂ ಬೈಯಬೇಕಾಗುತ್ತದೆ.

ಮತ್ತೆ ಯಾಕೆ ಇಷ್ಟು ಕಾಲ ಉಳಿಯಿತು ಈ ಸಿಕಲ್ ಜೀನು? ವಾಹಕರಿಗೆ ಮಾರಣಾಂತಿಕ ಮಲೇರಿಯಾದಿಂದ ಬಹುಪಾಲು ರಕ್ಷಣೆ ಸಿಗುತ್ತದೆ ಎಂದು ಆಂಟನಿ ಆಲಿಸನ್ 1954ರಲ್ಲಿ ತೋರಿಸಿದರು. ವೈನಾಡು, ಗೂಡಲೂರು, ಮೋಯಾರಿನ ತಗ್ಗು ಕಾಡುಗಳ ಜ್ವರಕ್ಕೆ ಹೊರಗಿನವರು ಹೆದರಿ ಕಾಲಿಡದ ಕಾಲ ಇತ್ತು. ಆ ಕಾಡಿನಲ್ಲಿ ಬಾಳಿದವರನ್ನು ಕಾಯ್ದದ್ದರಲ್ಲಿ ಈ ಜೀನಿನ ಪಾಲೂ ಇದೆ. ಎರಡು ಪ್ರತಿ ಸಿಕ್ಕ ಮಗುವಿಗೆ ಮಾತ್ರ ಆ ರಕ್ಷಣೆ ಇಲ್ಲ. ಅದಕ್ಕೆ ಮಲೇರಿಯಾ ಬಂದರೆ ಅಪಾಯ ಇನ್ನೂ ಜಾಸ್ತಿ.

2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಕೇಂದ್ರ ಸರ್ಕಾರ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಶುರು ಮಾಡಿತು. ನಲವತ್ತು ವರ್ಷದವರೆಗಿನ 7 ಕೋಟಿ ಜನರ ತಪಾಸಣೆ, ನಿರ್ಮೂಲನೆಗೆ 2047ರ ಗಡುವು. ತಮಿಳುನಾಡು, ಕರ್ನಾಟಕ, ಕೇರಳ ಮೂರೂ ಪಟ್ಟಿಯಲ್ಲಿವೆ. ತಪಾಸಣೆ ಒಳ್ಳೆಯದೇ. ಆದರೆ ನಿರ್ಮೂಲನೆ ಎಂಬ ಪದ ನನಗೆ ಹಿಡಿಸುವುದಿಲ್ಲ. ಸೊಳ್ಳೆಯನ್ನು ನಿರ್ಮೂಲ ಮಾಡಬಹುದು. ಇದು ಮನುಷ್ಯರ ಮೈಯಲ್ಲಿರುವ ಜೀನು. ಜಾತಕ ಕೂಡಿಸಿದಂತೆ ರಕ್ತ ತಪಾಸಣೆಯ ಕಾರ್ಡು ಕೂಡಿಸಿ ಮದುವೆ ಮಾಡಿ ಎಂಬ ಸಲಹೆ ಕೇಳಲು ಚೆನ್ನ. ಕೆಲವೇ ಸಾವಿರ ಜನರಿರುವ ಸಮುದಾಯದಲ್ಲಿ, ವಾಹಕರು ಮನೆಮನೆಯಲ್ಲೂ ಇರುವಾಗ, ಸಂಬಂಧ ಮುರಿಯುವುದು ಹೆಣ್ಣಿನ ಕಾರ್ಡು ನೋಡಿಯೇ ಆಗುತ್ತದೆ. ಗಂಡಿನ ಕಾರ್ಡನ್ನು ಕೇಳುವವರು ಯಾರು? ಮದುವೆಗೆ ಮೊದಲು ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಲಿ, ತಿಳಿದುಕೊಂಡು ತೀರ್ಮಾನಿಸಲಿ. ಇಬ್ಬರೂ ವಾಹಕರಾಗಿದ್ದು ಮದುವೆಯಾಗಿದ್ದರೆ ಬಸುರಿನ ಮೊದಲ ತಿಂಗಳುಗಳಲ್ಲೇ ವೈದ್ಯರನ್ನು ಕಾಣಲಿ. ಮಗುವಿನ ಸ್ಥಿತಿಯನ್ನು ಹೊಟ್ಟೆಯಲ್ಲಿದ್ದಾಗಲೇ ತಿಳಿಯುವ ಪರೀಕ್ಷೆ ಇದೆ. ಅದು ಬೇಡವೆನ್ನುವವರು ಹುಟ್ಟಿದ ಕೂಡಲೇ ಮಗುವಿನ ರಕ್ತ ಪರೀಕ್ಷೆ ಮಾಡಿಸಿದರೆ ಪೆನಿಸಿಲಿನ್, ಲಸಿಕೆ ಹೊತ್ತಿಗೆ ಸರಿಯಾಗಿ ಸಿಗುತ್ತವೆ.

ಗೂಡಲೂರಿನ ಆದಿವಾಸಿ ಆಸ್ಪತ್ರೆ, ಅದನ್ನು 1990ರಿಂದ ನಡೆಸುತ್ತಿರುವ ಅಶ್ವಿನಿ ಸಂಸ್ಥೆ, ಕೋತಗಿರಿಯಲ್ಲಿ ಡಾ. ಎಸ್. ನರಸಿಂಹನ್ 1958ರಲ್ಲಿ ಕಟ್ಟಿದ ನೀಲಗಿರಿ ಆದಿವಾಸಿ ಕ್ಷೇಮ ಸಂಘ, ಇವರೆಲ್ಲ ಅಭಿಯಾನ ಬರುವ ಎಷ್ಟೋ ಮೊದಲೇ ಈ ಕೆಲಸಕ್ಕೆ ಇಳಿದವರು. ಗಡಿಯ ಈಚೆ, ಕರ್ನಾಟಕದ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಅವರ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗರ ನಡುವೆ ಇದನ್ನೇ ಮಾಡಿದೆ. ರಾಜ್ಯದ ಗಡಿ ರಕ್ತಕ್ಕೆ ಗೊತ್ತಿಲ್ಲ. ಮಸಿನಗುಡಿಯ ಹುಡುಗಿ ಗುಂಡ್ಲುಪೇಟೆ ಕಡೆಗೆ ಸೊಸೆಯಾಗಿ ಹೋಗುತ್ತಾಳೆ, ಅವಳ ರಕ್ತ ಪರೀಕ್ಷೆಯ ಚೀಟಿ ತಮಿಳಿನಲ್ಲಿರುತ್ತದೆ. ಹೊಸ ಊರಿನ ಆಸ್ಪತ್ರೆಯಲ್ಲಿ ಅದನ್ನು ಓದುವವರಿರುವುದಿಲ್ಲ. ಚೀಟಿ ಯಾವ ಭಾಷೆಯಲ್ಲೇ ಇರಲಿ, ಅದರ ಒಂದು ಪ್ರತಿ ರೇಷನ್ ಕಾರ್ಡಿನ ಜೊತೆ ಇರಲಿ, ಅದರಲ್ಲಿ ಏನಿದೆ ಎಂದು ಬಾಯಲ್ಲಿ ಹೇಳಲೂ ಬರಲಿ. ಸಿಕಲ್ ಕಾಯಿಲೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲೂ ಇದೆ. ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು ಎಂಬುದು ಎಷ್ಟೋ ಮನೆಗಳಿಗೆ ತಲುಪಿಲ್ಲ.

ಅಂಗನವಾಡಿಯ ಜಗಲಿಯಲ್ಲಿ ಮಧ್ಯಾಹ್ನದ ಹೊತ್ತಿಗೆ ಸಾಲು ಕರಗಿತ್ತು. ಹುಡುಗನ ರಕ್ತದ ಇನ್ನೊಂದು ಮಾದರಿಯನ್ನು ಐಸ್ ಡಬ್ಬಿಯಲ್ಲಿಟ್ಟು ಹೆಸರು ಬರೆದಾಗಿತ್ತು. ಅಜ್ಜಿ ಮಾತ್ರ ಎದ್ದು ಹೋಗಲಿಲ್ಲ. ಸೆರಗಿನಿಂದ ಬೆರಳು ಒರೆಸಿ ಮುಂದೆ ಚಾಚಿದರು.

“ನಂದೂ ನೋಡವ್ವ.”

“ನಲವತ್ತು ವರ್ಸದೊಳಗಿನವ್ರಿಗೆ ಅಜ್ಜಿ ಇದು.”

“ನಲವತ್ತು ದಾಟಿದ್ರೆ ರಕ್ತ ರಕ್ತ ಅಲ್ವಾ?”

ನರ್ಸಮ್ಮ ನಕ್ಕರು. ಸ್ಟ್ಯಾಂಡಿನಲ್ಲಿ ಒಂದು ಕೊಳವೆ ಖಾಲಿ ಇತ್ತು. ಬೆರಳು ಚುಚ್ಚಿ, ಹನಿ ಬಿಟ್ಟು, ಅಲ್ಲಾಡಿಸಿ ನಿಲ್ಲಿಸಿ ಗಡಿಯಾರ ನೋಡಿಕೊಂಡರು. ಅಜ್ಜಿ ಮೇಜಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಮೊಮ್ಮಗನನ್ನು ತೊಡೆಯ ಹತ್ತಿರಕ್ಕೆ ಎಳೆದುಕೊಂಡು, ಆ ಕೆಂಪು ನೀರಿನ ಹಿಂದಿನ ಗೆರೆಗಳನ್ನೇ ದಿಟ್ಟಿಸತೊಡಗಿದರು.